ಉಸಿರು ಬೇಗ ಪಳಗುತ್ತೆ, ಕಾಲಿಗೆ ವರ್ಷ ಬೇಕು

ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆ ಗೊತ್ತಲ್ವಾ? ಹೈದರಾಲಿ ಹುಟ್ಟಿದ ಊರು. 1769ರ ಮಾರ್ಚ್ ತಿಂಗಳಲ್ಲಿ ಈ ಹೈದರ್ ತನ್ನ ದೊಡ್ಡ ಸೈನ್ಯವನ್ನು ಬಿಟ್ಟು, ಆಯ್ದ ಆರು ಸಾವಿರ ಕುದುರೆ ಸವಾರರ ಜೊತೆ ಹೊರಟು, ಮೂರೂವರೆ ದಿನದಲ್ಲಿ 130 ಮೈಲಿ ದಾಟಿ ಮದ್ರಾಸಿನ ಪಕ್ಕದ ಸೇಂಟ್ ಥಾಮಸ್ ಮೌಂಟ್ ಬಳಿ ಪ್ರತ್ಯಕ್ಷನಾದ. ಇಂಗ್ಲಿಷರ ಸೈನ್ಯ ಇನ್ನೂ ಹಿಂದೆಯೇ ಇತ್ತು. ಮುಂದಿನ ತಿಂಗಳೇ ಅವರು ಒಪ್ಪಂದಕ್ಕೆ ಸಹಿ ಹಾಕಬೇಕಾಯ್ತು. ಈ ಲೆಕ್ಕ ಬರೆದಿಟ್ಟವನು ಮಾರ್ಕ್ ವಿಲ್ಕ್ಸ್, ಇಂಗ್ಲಿಷರ ಕಡೆಯವನೇ.

ನಮ್ಮ ಲೆಕ್ಕದಲ್ಲಿ ಅದು ಸುಮಾರು 209 ಕಿ.ಮೀ. ಅಂದ್ರೆ ದಿನಕ್ಕೆ 60 ಕಿ.ಮೀ. ಕೇಳೋಕೆ ದೊಡ್ಡದೇನಲ್ಲ ಅನಿಸಬಹುದು. ಇವತ್ತಿನ ಎಂಡ್ಯೂರೆನ್ಸ್ ಸ್ಪರ್ಧೆಯ ಮೇಲಿನ ಮಟ್ಟದಲ್ಲಿ ಒಂದೇ ದಿನ 160 ಕಿ.ಮೀ. ಓಡಿಸುತ್ತಾರೆ. ಆದರೆ ಆ ಕುದುರೆ ಮರುದಿನ ಲಾಯದಲ್ಲಿ ನಿಂತು ಹುಲ್ಲು ತಿನ್ನುತ್ತೆ. ಹೈದರನ ಕುದುರೆ ಮರುದಿನ ಮತ್ತೆ ಜೀನು ಹೊತ್ತು ಹೊರಡಬೇಕಿತ್ತು, ಅದರ ಮರುದಿನವೂ, ಅದೂ ಮಾರ್ಚ್ ಕೊನೆಯ ಬಿಸಿಲಲ್ಲಿ.

ಆ ಕಾಲದ ಮೈಸೂರು ಸೈನ್ಯದಲ್ಲಿ ಸಿಲ್ಲೇದಾರರು ಅಂತ ಒಂದು ವರ್ಗ ಇತ್ತು. ಸಂಬಳ ಸರ್ಕಾರದ್ದು, ಕುದುರೆ ಸವಾರನ ಸ್ವಂತದ್ದು. ಕುದುರೆ ಕುಂಟಿದರೆ ನಷ್ಟ ಅವನದೇ. ಸತ್ತರಂತೂ ಕೆಲಸಕ್ಕೇ ಕುತ್ತು. ಹಾಗಾಗಿ ಸಿಲ್ಲೇದಾರ ತನ್ನ ಕುದುರೆಯ ಕಾಲನ್ನು ದಿನಾ ಎಷ್ಟು ಸಲ ಸವರಿ ನೋಡುತ್ತಿದ್ದ ಅಂತ ಊಹಿಸೋದು ಕಷ್ಟವಲ್ಲ.

ಈಗ ಇದೇ ಸೀಮೆಯಲ್ಲಿ, ಬಂಗಾರಪೇಟೆ–ಕೆಜಿಎಫ್ ಸುತ್ತಿನ ಮಣ್ಣುದಾರಿಗಳಲ್ಲಿ, ವಾರಾಂತ್ಯಕ್ಕೆ ಬೆಂಗಳೂರಿನಿಂದ ಬಂದು ಒಂದು ಮಾರ್ವಾಡಿ ಅಥವಾ ಕಾಠಿಯಾವಾಡಿ ಕುದುರೆಯನ್ನು 40 ಕಿ.ಮೀ. ಸವಾರಿಗೆ ತಯಾರು ಮಾಡಬೇಕು ಅಂತ ನೀವು ಹೊರಟರೆ ಏನೇನು ಬೇಕು? ಎಲ್ಲದಕ್ಕಿಂತ ಮೊದಲು, ಆ ಸಿಲ್ಲೇದಾರನ ಭಯ ಸ್ವಲ್ಪ ಬೇಕು.

ನೀರು ಚೆಲ್ಲದ ನಡಿಗೆ

ಕಿವಿತುದಿ ಒಳಕ್ಕೆ ಬಾಗಿ ಒಂದಕ್ಕೊಂದು ತಾಗುವಂತಿರುವ ಈ ಎರಡು ತಳಿಗಳಲ್ಲಿ ಎಷ್ಟೋ ಕುದುರೆಗಳಿಗೆ ಹುಟ್ಟಿನಿಂದಲೇ ಒಂದು ವಿಶೇಷ ನಡಿಗೆ ಇರುತ್ತೆ. ರಾಜಸ್ಥಾನ, ಗುಜರಾತ್ ಕಡೆ ಅದಕ್ಕೆ ರೇವಾಲ್ ಅಂತಾರೆ. ಸಾಮಾನ್ಯ ಕುದುರೆ ಕುಕ್ಕುಲೋಟದಲ್ಲಿ, ಅಂದ್ರೆ ಟ್ರಾಟ್‌ನಲ್ಲಿ, ಎದುರು-ಬದುರು ಮೂಲೆಯ ಎರಡು ಕಾಲನ್ನು ಒಟ್ಟಿಗೆ ಊರುತ್ತೆ. ನಡುವೆ ಒಂದು ಕ್ಷಣ ನಾಲ್ಕೂ ಕಾಲು ನೆಲ ಬಿಟ್ಟಿರುತ್ತೆ. ಆ ಕುಲುಕಾಟಕ್ಕೆ ಹೊಸ ಸವಾರನ ಸೊಂಟ ಸೋತು ಸುಣ್ಣ. ರೇವಾಲ್‌ನಲ್ಲಿ ಒಂದೇ ಪಕ್ಕದ ಕಾಲುಗಳು ಹಿಂದಿಂದೆಯೇ ಬರುತ್ತವೆ, ಆದರೆ ಒಂದೊಂದೂ ಬೇರೆ ಬೇರೆಯಾಗಿ ನೆಲ ಮುಟ್ಟುತ್ತೆ. ಟಕ-ಟಕ-ಟಕ-ಟಕ ಅಂತ ಬಿಡದೆ ನಾಲ್ಕು ಪೆಟ್ಟು. ಮೇಲೆ ಕೂತವನಿಗೆ ಕುಲುಕೇ ಇಲ್ಲ. ಕೈಯಲ್ಲಿ ತುಂಬಿದ ಲೋಟ ಹಿಡಿದು ನೀರು ಚೆಲ್ಲದ ಹಾಗೆ ಸವಾರಿ ಮಾಡಿ ತೋರಿಸೋದು ಇಂಥ ಕುದುರೆಗಳ ಹಳೇ ಆಟ.

ದೂರದ ಸವಾರಿಗೆ ಇದಕ್ಕಿಂತ ಇನ್ನೇನು ಬೇಕು ಅನಿಸುತ್ತೆ, ಅಲ್ವಾ? ಮೋಸ ಇರೋದೇ ಇಲ್ಲಿ. ಟ್ರಾಟ್ ಮಾಡುವ ಕುದುರೆ ಸುಸ್ತಾದಾಗ ಲಯ ತಪ್ಪಿ ಎಡವಿ ನಿಮಗೆ ಬೆನ್ನಲ್ಲೇ ಸುದ್ದಿ ಮುಟ್ಟಿಸುತ್ತೆ. ರೇವಾಲ್ ಕುದುರೆ ಸುಸ್ತಾದರೂ ಮೇಲಿರೋರಿಗೆ ಸೋಫಾ ಮೇಲೆ ಕೂತ ಹಾಗೇ ಇರುತ್ತೆ. ನಿಮಗೆ ಹಾಯಾಗಿದೆ ಅಂತ ಅದಕ್ಕೂ ಹಾಯಾಗಿದೆ ಅಂತಲ್ಲ. ಇನ್ನೊಂದು ಸಂಗತಿ: ಟ್ರಾಟ್‌ನಲ್ಲಿ ಸವಾರ ಎದ್ದು-ಕೂತು ಮಾಡುತ್ತಾನೆ, ಬೆನ್ನಿಗೆ ಸ್ವಲ್ಪ ಬಿಡುವು ಸಿಗುತ್ತೆ. ಇಲ್ಲಿ ನೀವು ಗಂಟೆಗಟ್ಟಲೆ ಒಂದೇ ಕಡೆ ಕೂತೇ ಇರುತ್ತೀರಿ. ಹಾಗಾಗಿ ಜೀನು ಆ ಕುದುರೆಯ ಬೆನ್ನಿಗೇ ಸರಿಯಾಗಿ ಕೂರಬೇಕು. ಇಳಿಜಾರು ಬಂದಾಗಲೆಲ್ಲ ನೀವು ಇಳಿದು ಜೊತೆಯಲ್ಲಿ ನಡೀಬೇಕು. ‘ಕುದುರೆ ಕಂಡರೆ ಕಾಲು ನೋವು’ ಅನ್ನೋ ಗಾದೆಯವರಿಗೆ ಈ ಆಟ ಆಗಿಬರಲ್ಲ.

ಮೊದಲ ಮೂರು ತಿಂಗಳ ಅಪಾಯ

ಕುದುರೆಯ ಹೃದಯ, ಶ್ವಾಸಕೋಶ ಎರಡು-ಮೂರು ತಿಂಗಳಲ್ಲೇ ಎಷ್ಟೋ ಸುಧಾರಿಸುತ್ತವೆ. ಮಾಂಸಖಂಡಕ್ಕೆ ಮೂರರಿಂದ ಆರು ತಿಂಗಳು. ಕಾಲಿನ ನರದಂಥ ಗಟ್ಟಿ ಪಟ್ಟಿಗಳಿಗೆ, ಅಂದ್ರೆ ಟೆಂಡನ್‌ಗಳಿಗೆ, ಆರು ತಿಂಗಳಿಂದ ಒಂದು ವರ್ಷ. ಮೂಳೆಗೆ ಅದಕ್ಕೂ ಹೆಚ್ಚು. ಗೊರಸಂತೂ ತಿಂಗಳಿಗೆ ಒಂದು ಸೆಂಟಿಮೀಟರ್‌ಗಿಂತ ಕಮ್ಮಿ ಬೆಳೆಯೋದು. ಇವತ್ತು ಮೇಲಂಚಿನಲ್ಲಿ ಹುಟ್ಟಿದ ಗೊರಸು ಮುಂದುಗಡೆ ನೆಲ ಮುಟ್ಟೋಕೆ ಹತ್ತಿರ ಹತ್ತಿರ ವರ್ಷ ಬೇಕು.

ಈಗ ಲೆಕ್ಕ ಹಾಕಿ. ಮೂರನೇ ತಿಂಗಳಲ್ಲಿ ನಿಮ್ಮ ಕುದುರೆಗೆ ಎಲ್ಲಿಲ್ಲದ ಹುರುಪು. ಉಸಿರು ಕಟ್ಟಲ್ಲ, ಲಗಾಮು ಎಳೀತಿರುತ್ತೆ, ಇನ್ನೂ ಓಡ್ತೀನಿ ಅನ್ನುತ್ತೆ. ಎಂಜಿನ್ ಹೊಸದು, ಚಾಸಿ ಹಳೇದು. ಹೆಚ್ಚಿನ ಕುದುರೆಗಳ ಕಾಲು ಹಾಳಾಗೋದು ಸೋಮಾರಿತನದಿಂದಲ್ಲ, ಈ ಹುರುಪನ್ನು ನಂಬಿದ್ದರಿಂದ ಅನ್ನೋದು ನನ್ನ ಅಭಿಪ್ರಾಯ.

ವಯಸ್ಸೂ ಮುಖ್ಯ. ಬೆನ್ನುಮೂಳೆ ಪೂರ್ತಿ ಬಲಿಯೋಕೆ ಐದು ವರ್ಷ ದಾಟಬೇಕು. ಅಂತರರಾಷ್ಟ್ರೀಯ ನಿಯಮದಲ್ಲಿ 160 ಕಿ.ಮೀ. ಮಟ್ಟಕ್ಕೆ ಎಂಟು ವರ್ಷದ ಕೆಳಗಿನ ಕುದುರೆಯನ್ನು ಬಿಡೋದೇ ಇಲ್ಲ. ಎರಡು ವರ್ಷದ ಮರಿ ಚೆಂದ ರೇವಾಲ್ ಹೊಡೆಯೋ ವಿಡಿಯೊಗೆ ಲೈಕ್ ಒತ್ತಿ, ಸವಾರಿ ಬೇಡ.

ಮೊದಲ ಎರಡು ತಿಂಗಳು ಬರೀ ನಡಿಗೆ. ಗಂಟೆಗೆ ಆರು ಕಿ.ಮೀ. ವೇಗ, ವಾರಕ್ಕೆ ಮೂರು-ನಾಲ್ಕು ದಿನ, ಅರ್ಧ ಗಂಟೆಯಿಂದ ಶುರು ಮಾಡಿ ಒಂದೂವರೆ-ಎರಡು ಗಂಟೆವರೆಗೆ. ಬೇಸರ ಬರುತ್ತೆ, ಬರಲಿ. ಆಮೇಲೆ ನಡುನಡುವೆ ಐದೈದು ನಿಮಿಷ ರೇವಾಲ್ ಸೇರಿಸಿ. ಒಂದು ವಾರ ದೂರ ಹೆಚ್ಚಿಸಿದರೆ ವೇಗ ಹೆಚ್ಚಿಸಬೇಡಿ, ವೇಗ ಹೆಚ್ಚಿಸಿದರೆ ದೂರ ಹಾಗೇ ಇರಲಿ. ಒಂದೇ ನಡಿಗೆಯಲ್ಲಿ ಹೋದರೆ ಅವೇ ಮಾಂಸಖಂಡ ದುಡಿದು ದುಡಿದು ಬಿಗಿಯುತ್ತವೆ. ಹಾಗಾಗಿ ನಡಿಗೆ, ರೇವಾಲ್, ಸ್ವಲ್ಪ ಕ್ಯಾಂಟರ್ ಅಂತ ಬದಲಾಯಿಸ್ತಾ ಇರಬೇಕು. ಬೆನ್ನು ತಗ್ಗಿಸಿ ತಲೆ ಎತ್ತಿ ಓಡೋದು ಇಂಥ ಕುದುರೆಗಳ ಚಾಳಿ. ಏರು ದಾರಿಯಲ್ಲಿ ತಲೆ ಇಳಿಬಿಟ್ಟು ನಿಧಾನ ನಡೆಸಿದರೆ ಬೆನ್ನು ಗಟ್ಟಿಯಾಗುತ್ತೆ.

ವಾರಾಂತ್ಯದ ಸವಾರರಿಗೆ ಇಲ್ಲೊಂದು ಮಾತು. ಕುದುರೆಗಳಿಗೆ ಹಿಂದಿನವರು ‘ಸೋಮವಾರ ಬೆಳಗಿನ ಕಾಯಿಲೆ’ ಅಂತ ಕರೀತಿದ್ದ ಒಂದು ತೊಂದರೆ ಇದೆ. ದುಡಿಯೋ ಕುದುರೆಗೆ ಭಾನುವಾರ ರಜೆ, ಆದರೆ ತಿನ್ನೋಕೆ ಮಾಮೂಲಿನಷ್ಟೇ ಕಾಳು. ಸೋಮವಾರ ಕೆಲಸಕ್ಕೆ ಹೂಡಿದರೆ ಸೊಂಟದ ಮಾಂಸಖಂಡ ಕಲ್ಲಿನ ಹಾಗೆ ಬಿಗಿದು ಹೆಜ್ಜೆ ಇಡೋಕಾಗಲ್ಲ, ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗುತ್ತೆ. ನಿಮ್ಮದು ಇದರ ತಿರುಗುಮುರುಗು: ಐದು ದಿನ ಲಾಯದಲ್ಲಿ ಕಾಳು ತಿಂದು ನಿಂತ ಕುದುರೆಗೆ ಶನಿವಾರ ಬೆಳಗ್ಗೆ 30 ಕಿ.ಮೀ. ಕಾಯಿಲೆ ಮಾತ್ರ ಅದೇ. ಹೀಗಾದರೆ ಅಲ್ಲೇ ಇಳಿಯಿರಿ, ಒಂದು ಹೆಜ್ಜೆಯೂ ನಡೆಸಬೇಡಿ, ಪಶುವೈದ್ಯರನ್ನು ಕರೆಸಿ. ವಾರದ ಮಧ್ಯೆ ಎರಡು ದಿನ ಕುದುರೆಯನ್ನು ನಡೆಸೋಕೆ ಊರಲ್ಲಿ ನಂಬಿಕಸ್ತರು ಯಾರೂ ಇಲ್ಲ ಅಂದ್ರೆ ಎಂಡ್ಯೂರೆನ್ಸ್ ಯೋಚನೆ ಬಿಡೋದೇ ವಾಸಿ.

ಎಲ್ಲಿ ಓಡಿಸೋದು

ಕೆಜಿಎಫ್ ಅಂದ ಕೂಡಲೇ ಸಿನಿಮಾದಲ್ಲಿ ಕಂಡ ಸೈನೈಡ್ ದಿಬ್ಬಗಳು ಕಣ್ಮುಂದೆ ಬರುತ್ತವೆ. ಫೋಟೊಗೆ ಚೆಂದ, ಕುದುರೆಗೆ ಖಂಡಿತ ಬೇಡ. ಅದು ಬೆಟ್ಟವಲ್ಲ, ಅದಿರನ್ನು ಅರೆದು ಸೈನೈಡ್‌ನಿಂದ ಚಿನ್ನ ತೆಗೆದಮೇಲೆ ಸುರಿದ ಪುಡಿ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದರೂ ದಿಬ್ಬಗಳು ಹಾಗೇ ನಿಂತಿವೆ. ಗಾಳಿಗೆ ಏಳುವ ಆ ಸಣ್ಣ ಧೂಳನ್ನು ಜೋರಾಗಿ ಉಸಿರಾಡುವ ಕುದುರೆ ಎಷ್ಟು ಎಳೆದುಕೊಳ್ಳಬಹುದು ಯೋಚಿಸಿ. ದಿಬ್ಬದ ಬುಡದಲ್ಲಿ ನಿಂತ ನೀರನ್ನಂತೂ ಮೂಸೋಕೂ ಬಿಡಬೇಡಿ. ಹಳೇ ಗಣಿ ಪ್ರದೇಶದ ಒಳಗೆ ಕಾಲ ಕೆಳಗಿನ ನೆಲವನ್ನೂ ನಂಬೋ ಹಾಗಿಲ್ಲ.

ಒಳ್ಳೆ ದಾರಿ ಇರೋದು ಹೊರಗಡೆ. ಬೂದಿಕೋಟೆ ಕಡೆ, ಬೇತಮಂಗಲದ ಕಡೆ ಹೊಲಗಳ ನಡುವಿನ ಕೆಂಪುಮಣ್ಣಿನ ಬಂಡಿದಾರಿ, ನೀಲಗಿರಿ ತೋಪು, ಅಲ್ಲಲ್ಲಿ ಕೆರೆ ಏರಿ. ಬಂಡೆ ತೇಲಿದ ಕಡೆ ಮತ್ತು ಡಾಂಬರಿನ ಮೇಲೆ ನಡಿಗೆ ಮಾತ್ರ, ಕಾಲಿಗೆ ಲಾಳ ಇರಲೇಬೇಕು. ಹೊಲ ಯಾರದ್ದೋ ಕೇಳಿಕೊಂಡೇ ಇಳಿಯಿರಿ. ರಾಗಿ ಪೈರಿನ ಮೇಲೆ ಒಂದು ಸಲ ಗೊರಸಿನ ಗುರುತು ಬಿದ್ದರೆ ಆ ದಾರಿ ನಿಮಗೆ ಕಾಯಂ ಬಂದ್. ನವೆಂಬರ್‌ನಿಂದ ಫೆಬ್ರವರಿವರೆಗಿನ ಬೆಳಗಿನ ಹೊತ್ತು ಇದಕ್ಕೆ ಹೇಳಿ ಮಾಡಿಸಿದ್ದು.

ಹಾಲಿನ ಜಿಲ್ಲೆಯ ಮೇವು

ಕೋಲಾರ ಹೈನುಗಾರಿಕೆಯ ಜಿಲ್ಲೆ. ದನದ ಮೇವು ಎಲ್ಲೆಲ್ಲೂ ಸಿಗುತ್ತೆ, ಅದೇ ತೊಂದರೆ. ಹಸುವಿಗೆ ಹಾಕೋ ನೇಪಿಯರ್ ಹುಲ್ಲಿನಲ್ಲಿ ಆಕ್ಸಲೇಟ್ ಇರುತ್ತೆ. ಅದು ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟು ಕುದುರೆಯ ಮೈಗೆ ಸೇರದಂತೆ ಮಾಡುತ್ತೆ. ಜೊತೆಗೆ ದಿನಾ ಬೂಸಾ ಸುರಿದರೆ ರಂಜಕ ಜಾಸ್ತಿಯಾಗಿ ಮೂಳೆ ಇನ್ನೂ ಟೊಳ್ಳು. ಯಾವ ಮೂಳೆಯನ್ನು ವರ್ಷವಿಡೀ ಗಟ್ಟಿ ಮಾಡಬೇಕು ಅಂತ ಹೊರಟಿದ್ದೀರೋ ಅದನ್ನೇ ಬಕೆಟ್‌ನಿಂದ ಕರಗಿಸಿದ ಹಾಗೆ. ದನಗಳ ಕೆಲವು ಸಿದ್ಧ ಆಹಾರದಲ್ಲಿ ಮೊನೆನ್ಸಿನ್ ಅನ್ನೋ ಔಷಧಿ ಬೆರೆಸಿರುತ್ತಾರೆ. ದನಕ್ಕೆ ಅದು ಒಳ್ಳೇದು, ಕುದುರೆಗೆ ಸ್ವಲ್ಪವೇ ಸಾಕು, ಹೃದಯಕ್ಕೆ ಪೆಟ್ಟಾಗಿ ಪ್ರಾಣ ಹೋಗುತ್ತೆ. ಹಸುವಿನ ಮೂಟೆಯಿಂದ ಒಂದು ಬೊಗಸೆಯೂ ಬೇಡ.

ಹುರುಳಿ? ಬೇಯಿಸಿದ ಹುರುಳಿ ನಮ್ಮ ಕಡೆ ಕುದುರೆಯ ಹಳೇ ಊಟ, ಕೆಟ್ಟದ್ದಲ್ಲ. ಆದರೆ ಅದು ಪ್ರೋಟೀನ್ ತುಂಬಿದ ಕಾಳು. ಜಾಸ್ತಿಯಾದರೆ ಮೈ ಬಿಸಿ, ಲಾಯದಲ್ಲಿ ಮೂತ್ರದ ಘಾಟು. ದೂರದ ಕುದುರೆಗೆ ಆಧಾರ ಒಣಹುಲ್ಲು. ದಿನಕ್ಕೆ ಕುದುರೆಯ ತೂಕದ ನೂರಕ್ಕೆ ಒಂದೂವರೆ ಪಾಲಾದರೂ ಹುಲ್ಲು ಇರಬೇಕು, ಅಂದ್ರೆ 350 ಕಿಲೋ ಕುದುರೆಗೆ ಐದು ಕಿಲೋಗೂ ಮೇಲೆ. ಹೊಟ್ಟೆಯಲ್ಲಿರೋ ನಾರು ನೀರನ್ನು ಹಿಡಿದಿಟ್ಟು ದಾರಿಯುದ್ದಕ್ಕೂ ಬಿಟ್ಟುಕೊಡುತ್ತೆ, ಒಳಗೇ ಒಂದು ಕೆರೆ ಇದ್ದ ಹಾಗೆ. ಮೇಲೆ ಸ್ವಲ್ಪ ಓಟ್ಸ್, ಒಂದಿಷ್ಟು ಎಣ್ಣೆ. ಕುದುರೆ ಮೆಂತ್ಯದ ಸೊಪ್ಪು ಸಿಕ್ಕಿದರೆ ಅದರಲ್ಲಿ ಕ್ಯಾಲ್ಸಿಯಂ ಚೆನ್ನಾಗಿದೆ, ಆದರೂ ಹಿತಮಿತ.

ಬಿಸಿಲಲ್ಲಿ ದುಡಿಯೋ ಕುದುರೆ ಗಂಟೆಗೆ ಹತ್ತು ಲೀಟರ್‌ಗೂ ಹೆಚ್ಚು ಬೆವರಬಹುದು. ಅದರ ಬೆವರು ನಮ್ಮದಕ್ಕಿಂತ ಉಪ್ಪು. ನಮಗೆ ಬೆವರಿದಾಗ ರಕ್ತ ಉಪ್ಪಾಗಿ ಬಾಯಾರುತ್ತೆ. ಕುದುರೆಗೆ ನೀರಿನ ಜೊತೆ ಉಪ್ಪೂ ಹೋಗಿಬಿಡೋದರಿಂದ ಬಾಯಾರಿಕೆಯೇ ಗೊತ್ತಾಗಲ್ಲ. ತೊಟ್ಟಿ ಮುಂದೆ ನಿಂತು ಮುಖ ತಿರುಗಿಸುವ ಕುದುರೆಗೆ ‘ನೀರು ಬೇಡವಂತೆ’ ಅಂತ ಹೊರಡೋದು ದೊಡ್ಡ ತಪ್ಪು. ಉಪ್ಪು-ಲವಣ ಕೊಡಬೇಕು, ಆದರೆ ಕುಡಿಯುತ್ತಿರೋ ಕುದುರೆಗೆ ಮಾತ್ರ. ಬಿಸಿಯಾದ ಮೈಮೇಲೆ ತಣ್ಣೀರು ಹಾಕಬಾರದು ಅನ್ನೋದು ಹಳೇ ಮೂಢನಂಬಿಕೆ. ಧಾರಾಳವಾಗಿ ಹೊಯ್ಯಿರಿ, ಹೊಯ್ತಾನೇ ಇರಿ.

ಸ್ಟೆತಸ್ಕೋಪ್ ಸುಳ್ಳು ಹೇಳಲ್ಲ

ಬೆನ್ನ ಮೇಲೆ ಕೂತು ಸುಸ್ತು ಗೊತ್ತಾಗಲ್ಲ ಅಂದ್ರೆ ಕಿವಿಯಲ್ಲಿ ಕೇಳಬೇಕು. ಮುಂಗಾಲಿನ ಎಡ ಮೊಣಕೈ ಹಿಂದೆ ಸ್ಟೆತಸ್ಕೋಪ್ ಇಟ್ಟು 15 ಸೆಕೆಂಡು ಎಣಿಸಿ, ನಾಲ್ಕರಿಂದ ಗುಣಿಸಿ. ಸುಮ್ಮನೆ ನಿಂತ ಕುದುರೆಗೆ ನಿಮಿಷಕ್ಕೆ 30ರಿಂದ 40. ಎಂಡ್ಯೂರೆನ್ಸ್ ಸ್ಪರ್ಧೆಯಲ್ಲಿ ಪ್ರತಿ ಸುತ್ತಿನ ಕೊನೆಗೂ ಪಶುವೈದ್ಯರು ಇದನ್ನೇ ನೋಡುತ್ತಾರೆ. ನಿಗದಿತ ನಿಮಿಷಗಳೊಳಗೆ 64ಕ್ಕೆ ಇಳಿಯದಿದ್ದರೆ ಸ್ಪರ್ಧೆಯಿಂದ ಔಟ್. ಮನೆಯಲ್ಲೂ ಅದೇ ಅಳತೆ ಇಟ್ಟುಕೊಳ್ಳಿ. ಹತ್ತು ನಿಮಿಷದಲ್ಲಿ 64ರ ಕೆಳಗೆ ಬಂದರೆ ಕೆಲಸ ಸರಿಹೊಂದಿದೆ. ಅರ್ಧ ಗಂಟೆಯಾದರೂ 70ರಲ್ಲೇ ನಿಂತಿದ್ದರೆ ಜಾಸ್ತಿಯಾಗಿದೆ, ಇಲ್ಲಾ ಎಲ್ಲೋ ನೋವಿದೆ.

ನೋವು ಹುಡುಕೋಕೆ ಇನ್ನೊಂದು ಉಪಾಯ: ನಾಡಿ ಎಣಿಸಿ, ಸುಮಾರು 40 ಮೀಟರ್ ದೂರ ಕೈಯಲ್ಲಿ ಹಿಡಿದು ಓಡಿಸಿ ವಾಪಸ್ ಕರೆತನ್ನಿ, ಹೊರಟಾಗಿನಿಂದ ಒಂದು ನಿಮಿಷಕ್ಕೆ ಮತ್ತೆ ಎಣಿಸಿ. ಮೊದಲಿನಷ್ಟೇ ಅಥವಾ ಕಮ್ಮಿ ಬಂದರೆ ಒಳ್ಳೇದು. ಏರಿದರೆ ಆ ದಿನ ಅಲ್ಲಿಗೇ ನಿಲ್ಲಿಸಿ.

ಈ ಕೈಹಿಡಿದು ಓಡಿಸೋದನ್ನು ರೇವಾಲ್ ಕುದುರೆಗೆ ಬೇರೆಯಾಗಿಯೇ ಕಲಿಸಬೇಕು, ಅದೂ ಟ್ರಾಟ್‌ನಲ್ಲಿ. ಯಾಕಂದ್ರೆ ರೇವಾಲ್‌ನಲ್ಲಿ ತಲೆ ತೂಗೋದು ಸಹಜ, ಸಣ್ಣ ಕುಂಟು ಅದರೊಳಗೆ ಅಡಗಿಬಿಡುತ್ತೆ. ಟ್ರಾಟ್‌ನಲ್ಲಿ ಕುಂಟುವ ಮುಂಗಾಲು ಊರಿದಾಗಲೆಲ್ಲ ತಲೆ ಮೇಲೇಳುತ್ತೆ, ಎದುರಿಗಿರೋರಿಗೆ ತಕ್ಷಣ ಕಾಣುತ್ತೆ.

40 ಕಿ.ಮೀ. ಮುಗಿಸಿ ಬಂದ ಸಂಜೆ ಎಲ್ಲ ಕುದುರೆಯೂ ಚೆನ್ನಾಗೇ ಕಾಣುತ್ತೆ. ನೋಡಬೇಕಾದ್ದು ಮರುದಿನ ಬೆಳಗ್ಗೆ, ಯಾರೂ ಅದನ್ನು ಹೊರಗೆ ಬಿಡೋಕೆ ಮೊದಲು. ಮಂಡಿಯಿಂದ ಗೊರಸಿನವರೆಗೆ ನಾಲ್ಕೂ ಕಾಲನ್ನು ಅಂಗೈಯಲ್ಲಿ ಸವರಿ. ಎಡಕ್ಕೂ ಬಲಕ್ಕೂ ಹೋಲಿಸಿ: ಎಲ್ಲಾದರೂ ಬಿಸಿ ಇದೆಯಾ, ಬಾವು ಇದೆಯಾ, ಒತ್ತಿದರೆ ಕಾಲು ಎಳೆದುಕೊಳ್ಳುತ್ತಾ? ಏನೂ ಇಲ್ಲದಿದ್ದರೂ ಒಂದು ವಾರ ಜೀನು ಹಾಕಬೇಡಿ, ಕಾಳು ಅರ್ಧ ಮಾಡಿ, ಬಯಲಿಗೆ ಬಿಡಿ.