ಗಡಿಗೆಯ ತಂಪು, ಹೊಲದ ಬಿಸಿ

ಬಾದಾಮಿ ಬಳಿಯ ಮಹಾಕೂಟದ ಪುಷ್ಕರಣಿಯಲ್ಲಿ ಮುಳುಗೆದ್ದು ಬಂದವರನ್ನು ಗುಡಿಯ ಹೊರಗೆ ಬುಟ್ಟಿ ಇಟ್ಟುಕೊಂಡು ಕೂತ ಹೆಣ್ಮಕ್ಕಳು ಕರೆಯುತ್ತಾರೆ: "ರೊಟ್ಟಿ ಬೇಕೇನ್ರೀ, ಗಟ್ಟಿ ಮಸರ ಐತಿ." ಬಾದಾಮಿಯ ಕೆಂಪು ಬಂಡೆಗಳು ಕಾದು ಕೆಂಡವಾಗುವ ಏಪ್ರಿಲ್‌ನಲ್ಲೂ ಅವರ ಪುಟ್ಟ ಗಡಿಗೆಯೊಳಗಿನ ಮೊಸರು ತಣ್ಣಗೇ ಇರುತ್ತದೆ.

ಆ ಬುಟ್ಟಿಯಲ್ಲಿ ಕೆಡದಂತೆ ಕಾಯುವ ಉಪಾಯಗಳೇ ತುಂಬಿವೆ. ಕಡಕ್ ರೊಟ್ಟಿಯಲ್ಲಿ ನೀರಿಲ್ಲ, ಬೂಸು ಹತ್ತುವುದಿಲ್ಲ. ಹೆಪ್ಪಿನ ಹುಳಿ ಹಾಲು ಕೆಡಿಸುವ ಜೀವಾಣುಗಳನ್ನು ತಡೆಯುತ್ತದೆ. ಇನ್ನು ಗಡಿಗೆ: ಅದು ಮೊಸರಿನ ನೀರು ಹೀರುತ್ತದೆ, ಅದಕ್ಕೇ ಮೊಸರು ಗಟ್ಟಿ. ಹೀರಿದ ನೀರು ಹೊರಮೈಯಿಂದ ಆರುವಾಗ ಒಳಗಿನ ಬಿಸಿಯನ್ನು ಹೊತ್ತೊಯ್ಯುತ್ತದೆ. ಒಂದು ಗ್ರಾಂ ನೀರು ಆರಲು 580 ಕ್ಯಾಲೊರಿಯಷ್ಟು ಶಾಖ ಬೇಕು. ಮಂಗಳೂರಿನ ಬೆವರು ಸುರಿಸುವ ಹವೆಯಲ್ಲಿ ಈ ಆಟ ಅಷ್ಟಾಗಿ ನಡೆಯದು. ಬಾದಾಮಿಯ ಒಣಗಾಳಿಗೆ ಹೇಳಿ ಮಾಡಿಸಿದ್ದು.

ವಿಜ್ಞಾನಿಗಳು ಇದೇ ಹಾದಿಗೆ ಬಂದದ್ದು 1980ರ ದಶಕದಲ್ಲಿ. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯವರು ಇಟ್ಟಿಗೆಯ ಜೋಡಿ ಗೋಡೆ ಕಟ್ಟಿ, ನಡುವೆ ಮರಳು ತುಂಬಿ, ನೀರುಣಿಸಿ, ಕರೆಂಟಿಲ್ಲದ ತಂಪುಕೋಣೆ ಮಾಡಿದರು. ಬೇಸಿಗೆಯಲ್ಲಿ ಒಳಗಿನ ಬಿಸಿ ಹೊರಗಿಗಿಂತ 10ರಿಂದ 15 ಡಿಗ್ರಿ ಕಡಿಮೆ. ನೈಜೀರಿಯಾದ ಮೇಷ್ಟರು ಮೊಹಮ್ಮದ್ ಬಾ ಅಬ್ಬಾ ಗಡಿಗೆಯೊಳಗೆ ಗಡಿಗೆ ಇಟ್ಟು, ನಡುವೆ ಹಸಿ ಮರಳು ಹಾಕಿ, 2000ದಲ್ಲಿ ರೋಲೆಕ್ಸ್ ಪ್ರಶಸ್ತಿ ಪಡೆದರು. ಅವರು ಕುಂಬಾರರ ಮನೆತನದವರು ಎಂಬುದು ನನಗೆ ಇಷ್ಟವಾದ ಸಂಗತಿ.

ಆದರೆ ಗಡಿಗೆ ದೂರದೂರಿಗೆ ಹೋಗಲಾರದು. ಹಾಲು ಹೋಗಬೇಕಿತ್ತು. ರಾಜ್ಯದಲ್ಲಿ 1974ರಲ್ಲಿ ದಕ್ಷಿಣದ ಜಿಲ್ಲೆಗಳಿಂದ ಶುರುವಾದ ಹೈನು ಯೋಜನೆ 1984ರಲ್ಲಿ ಕರ್ನಾಟಕ ಹಾಲು ಮಹಾಮಂಡಳವಾಯಿತು. ಬಾಗಲಕೋಟೆಯ ಹಾಲು ವಿಜಯಪುರದ ಒಕ್ಕೂಟಕ್ಕೆ ಸೇರಿತು. ಮೊದಮೊದಲು ಬಿಸಿ ಹಾಲಿನ ಕ್ಯಾನುಗಳು ಶೀತಲೀಕರಣ ಕೇಂದ್ರದ ತನಕ ಉಸಿರು ಬಿಗಿಹಿಡಿದು ಓಡಬೇಕಿತ್ತು. ಲಾರಿ ತಡವಾದರೆ ಹಾಲು ಒಡೆದಂತೆಯೇ. ಆಮೇಲೆ ಊರಿನ ಸಂಘದ ಅಂಗಳಕ್ಕೇ ಬಲ್ಕ್ ಕೂಲರ್ ಬಂತು, ಕರೆದ ಹಾಲು ಅಲ್ಲೇ 4 ಡಿಗ್ರಿಗೆ ಇಳಿಯತೊಡಗಿತು. ತಂಪು ಪಟ್ಟಣದಿಂದ ಹಿಂದಕ್ಕೆ ನಡೆದು ಕೊಟ್ಟಿಗೆಯ ಹತ್ತಿರ ಬಂದದ್ದೇ ಈ ಕಥೆಯ ತಿರುವು.

ಕಾಯಿಪಲ್ಲೆಗೆ, ಹಣ್ಣಿಗೆ ಆ ನಡಿಗೆ ಇನ್ನೂ ಅರ್ಧದಲ್ಲೇ ಇದೆ. ಬಾಗಲಕೋಟೆಯಲ್ಲಿ 2008ರಿಂದ ತೋಟಗಾರಿಕೆ ವಿಶ್ವವಿದ್ಯಾಲಯವೇ ಇದೆ, ಸುತ್ತ ದಾಳಿಂಬೆ, ಚಿಕ್ಕು, ನಿಂಬೆಯ ತೋಟಗಳಿವೆ. ಶೈತ್ಯಾಗಾರ ಎಂದರೆ ಎಲ್ಲರಿಗೂ ಹೊಳೆಯುವುದು ದೊಡ್ಡ ಕಟ್ಟಡ. ಮಧ್ಯಾಹ್ನ ಕಿತ್ತ ಕಾಯಿ ಹೊಲದ ಬಿಸಿಯನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಟೆಂಪೋ ಹತ್ತಿದರೆ, ಆ ಕಟ್ಟಡ ತಲುಪುವ ಹೊತ್ತಿಗೆ ಅರ್ಧ ಆಯುಷ್ಯ ಕಳೆದಿರುತ್ತದೆ. ಒಂದೇ ಕೋಣೆಯಲ್ಲಿ ಎಲ್ಲವನ್ನೂ ತುರುಕುವಂತೆಯೂ ಇಲ್ಲ: ದಾಳಿಂಬೆಗೆ ಹಿತವಾದ ಚಳಿಯಲ್ಲಿ ಬಾಳೆ ಕಪ್ಪಾಗುತ್ತದೆ, ಅದಕ್ಕೆ 13 ಡಿಗ್ರಿಗಿಂತ ಕೆಳಗೆ ಒಗ್ಗದು.

ಹೊಲದ ಬದುವಿನಲ್ಲೇ ಇಟ್ಟಿಗೆಯ ತಂಪುಕೋಣೆ ಕಟ್ಟಿದರಾಯಿತಲ್ಲ ಎನ್ನಬಹುದು. ಕಟ್ಟಬಹುದು. ಆದರೆ ಅದರ ಮರಳು ದಿನವೂ ಬೆಳಿಗ್ಗೆ, ಸಂಜೆ ತೋಯಬೇಕು. ಮಹಾಕೂಟದ ಪುಷ್ಕರಣಿಗೆ ಒರತೆ ಇದೆ, ಬೇಸಿಗೆಯಲ್ಲೂ ತುಂಬಿರುತ್ತದೆ. ಗುಡ್ಡದಾಚೆಯ ಹೊಲದವರು ಮರಳಿಗೆ ಬೇಕಾದ ನೀರನ್ನು ಏಪ್ರಿಲ್‌ನಲ್ಲಿ ಹೊತ್ತೇ ತರಬೇಕು.