ಕಾವು ಬಿಟ್ಟು ಹಾರಿದ ಕೊಡಲಿ

ಟೊರಾಂಟೊ ಪಕ್ಕದ ಗೋದಾಮೊಂದರಲ್ಲಿ ದುಡಿಯುವ ನಮ್ಮ ಗೆಳೆಯರೊಬ್ಬರಿಗೆ ಆರು ಗಂಟೆಯ ಓವರ್‌ಟೈಮ್ ಹಣ ಬಂದಿರಲಿಲ್ಲ. ಒಮ್ಮೆ ಕೇಳಿದರು, ಉತ್ತರವಿಲ್ಲ. ಎರಡನೇ ಸಲ ಕೇಳುವಾಗ ದನಿ ಸ್ವಲ್ಪ ಏರಿತು. ಸೂಪರ್‌ವೈಸರ್ ನಕ್ಕು, 'ಡೋಂಟ್ ಫ್ಲೈ ಆಫ್ ದ ಹ್ಯಾಂಡಲ್' ಅಂದರಂತೆ. ಇವರು ಗಾಬರಿಯಾಗಿ ಟ್ರಾಲಿಯ ಹ್ಯಾಂಡಲನ್ನೇ ಇನ್ನೂ ಗಟ್ಟಿಯಾಗಿ ಹಿಡಿದುಕೊಂಡರು! ಸುತ್ತಲಿದ್ದವರು ನಕ್ಕರು. ಓವರ್‌ಟೈಮ್ ಮಾತು ಅಲ್ಲಿಗೇ ನಿಂತಿತು.

ಈ ಹ್ಯಾಂಡಲ್ ಟ್ರಾಲಿಯದ್ದಲ್ಲ, ಬಾಗಿಲಿನದ್ದೂ ಅಲ್ಲ. ಕೊಡಲಿಯದ್ದು. ನಮ್ಮೂರಲ್ಲಿ ಕಾವು ಅಂತೀವಲ್ಲ, ಅದೇ. ಕಾವು ಸಡಿಲಾದ ಕೊಡಲಿ ಬೀಸಿದರೆ ಕಬ್ಬಿಣ ಕಳಚಿ ಎತ್ತಲೋ ಹಾರುತ್ತೆ, ಯಾರಿಗೆ ತಗಲುತ್ತೋ ಹೇಳೋಕಾಗಲ್ಲ. ತಟ್ಟನೆ ರೇಗಿ ಹತೋಟಿ ತಪ್ಪುವವರಿಗೆ ಈ ಹೋಲಿಕೆ. ನಾವಿರುವ ಕೆನಡಾಕ್ಕೂ ಈ ಮಾತಿಗೂ ಹಳೆಯ ನಂಟಿದೆ. ನೋವಾ ಸ್ಕೋಷಿಯಾದ ನ್ಯಾಯಾಧೀಶ, ಲೇಖಕ ಥಾಮಸ್ ಚಾಂಡ್ಲರ್ ಹ್ಯಾಲಿಬರ್ಟನ್ 1840ರ ದಶಕದಲ್ಲೇ 'ದಿ ಅಟಾಶೆ' ಎಂಬ ಪುಸ್ತಕದಲ್ಲಿ ಇದನ್ನು ಬಳಸಿದ್ದಾರೆ.

ಎಲ್ಲ ಸಿಟ್ಟಿಗೂ ಇದು ಸಲ್ಲದು. ಸಣ್ಣ ವಿಷಯಕ್ಕೆ ದಿಢೀರನೆ ಸಿಡಿದರೆ ಮಾತ್ರ ಹೀಗನ್ನುತ್ತಾರೆ. 'ಸಾರಿ, ಐ ಫ್ಲೂ ಆಫ್ ದ ಹ್ಯಾಂಡಲ್' ಅಂದರೆ 'ಸುಮ್ಮನೆ ರೇಗಿಬಿಟ್ಟೆ, ತಪ್ಪಾಯ್ತು' ಎಂದರ್ಥ. ಜೊತೆಯಲ್ಲಿ ಕೆಲಸ ಮಾಡುವವರ ಹತ್ತಿರ ಧಾರಾಳವಾಗಿ ಹೇಳಬಹುದು. ಬರವಣಿಗೆಯ ದೂರಿನಲ್ಲಿ ಮಾತ್ರ ಬೇಡ. ಅಲ್ಲಿ ಯಾರು, ಯಾವಾಗ, ಏನು ಅಂದರು ಎಂದು ನೇರವಾಗಿ ಬರೆಯಿರಿ.

ಇಲ್ಲೊಂದು ಸೂಕ್ಷ್ಮವಿದೆ. ಬೇರೆಯವರು ಈ ಮಾತನ್ನು ನಮಗೆ ಅಂದಾಗ, 'ವಿಷಯ ಸಣ್ಣದು, ನೀನೇ ಅತಿ ಮಾಡ್ತಿದ್ದೀಯ' ಅನ್ನುವ ತೀರ್ಪೂ ಅದರೊಳಗೆ ಸೇರಿರುತ್ತೆ. ದುಡಿದ ದುಡ್ಡು ಕೇಳೋದು ಸಣ್ಣ ವಿಷಯವಲ್ಲ. ಒಂಟಾರಿಯೊದಲ್ಲಿ ಹೆಚ್ಚಿನ ಕೆಲಸಗಳಿಗೆ ವಾರಕ್ಕೆ 44 ಗಂಟೆ ದಾಟಿದರೆ ಒಂದೂವರೆ ಪಟ್ಟು ಸಂಬಳ ಕೊಡಬೇಕೆಂದು ಕಾನೂನೇ ಇದೆ. ಹಾಗಂತ ಕೂಗಾಡಿದರೆ ಅವರ ಮಾತನ್ನೇ ನಿಜ ಮಾಡಿದ ಹಾಗಾಗುತ್ತೆ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ ಅಂತ ಹಿರಿಯರು ಕೇಳಿದ್ದು ಇದಕ್ಕೇ. ದನಿ ತಗ್ಗಿಸಿ, ಆದರೆ ಕೇಳೋದನ್ನು ಬಿಡಬೇಡಿ. 'ಐ ಆಮ್ ಕಾಮ್. ಐ ಆಮ್ ಆಸ್ಕಿಂಗ್ ಫಾರ್ ಮೈ ಸಿಕ್ಸ್ ಅವರ್ಸ್' ಅನ್ನಿ.

ನಮ್ಮ ಗೆಳೆಯರು ಮರುವಾರ ತಾರೀಖು, ಗಂಟೆ ಬರೆದ ಚೀಟಿ ಹಿಡಿದು ಹೀಗೇ ಕೇಳಿದರು. ಈ ಸಲ ಯಾರೂ ನಗಲಿಲ್ಲ. ಮುಂದಿನ ಸಂಬಳದಲ್ಲಿ ಆರು ಗಂಟೆಯ ಹಣವೂ ಬಂತು.