ಅಂಗೈಯಲ್ಲಿ ಬೆಣ್ಣೆ: ಒಂದು ಗಾದೆಯ ವಿಸ್ತರಣೆ

"ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕಾಗಿ ಊರೆಲ್ಲ ಅಲೆದರಂತೆ." ಈ ಗಾದೆಯನ್ನು ವಿಸ್ತರಿಸಿ ಬರೆಯಿರಿ ಎಂದು ನಾವು ಪ್ರತಿವರ್ಷ ಎಂಟನೆಯ ತರಗತಿಯ ಪರೀಕ್ಷೆಯಲ್ಲಿ ಕೇಳುವುದುಂಟು. ಮಕ್ಕಳೂ ತಪ್ಪದೆ ಅರ್ಧ ಪುಟ ಬರೆಯುತ್ತಾರೆ. ಹೆಚ್ಚಿನವರು ಮೂಗಿನ ಮೇಲೆ ಕನ್ನಡಕ ಇಟ್ಟುಕೊಂಡು ಮನೆಯೆಲ್ಲ ಹುಡುಕುವ ಅಜ್ಜನ ಕಥೆಯನ್ನೇ ಬರೆಯುತ್ತಾರೆ. ಈ ವರ್ಷ ನಮ್ಮ ಶಾಲೆಯ ಗಣಕಯಂತ್ರ ಕೊಠಡಿಯಲ್ಲಿ ಈ ಗಾದೆಗೆ ಒಂದು ಹೊಸ ಉದಾಹರಣೆ ಸಿಕ್ಕಿತು. ಅದನ್ನು ವಿದ್ಯಾರ್ಥಿಗಳ ಮತ್ತು ಪೋಷಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಕನ್ನಡ ಕಲಿಸುವವರಿಗೆ ಗಣಕಯಂತ್ರದ ಉಸಾಬರಿ ಏಕೆ ಎಂದು ಕೆಲವರು ಕೇಳಬಹುದು. ಹನ್ನೊಂದನೆಯ ತರಗತಿಯ ನಾಲ್ವರು ವಿದ್ಯಾರ್ಥಿಗಳು ವಿಜ್ಞಾನ ಪ್ರದರ್ಶನಕ್ಕೆ ಮಳೆಯ ಅಂಕಿಅಂಶಗಳನ್ನು ನಕ್ಷೆಯಾಗಿ ತೋರಿಸಲು ಹೊರಟಿದ್ದರು. ಅದರ ವಿವರಣೆಯನ್ನು ಮೂರು ಭಾಷೆಗಳಲ್ಲಿ ಬರೆಯಬೇಕಾಗಿತ್ತು. ಕನ್ನಡದ ಭಾಗವನ್ನು ತಿದ್ದಲು ನಾವು ಅವರ ಜೊತೆ ಕುಳಿತಿದ್ದೆವು. ಅರ್ಥವಾಗದ್ದನ್ನು ತಿದ್ದುವುದು ಹೇಗೆ? ಆದ್ದರಿಂದ ಅವರು ಮಾಡುತ್ತಿದ್ದುದನ್ನು ನಾವೂ ಕೇಳಿ ಕೇಳಿ ತಿಳಿದುಕೊಂಡೆವು.

ಒಂದು ರಾತ್ರಿಯ ಕಥೆ

ಹವಾಮಾನದ ಅಂಕಿಅಂಶಗಳನ್ನು ವಿಜ್ಞಾನಿಗಳು ಹೆಚ್ಚಾಗಿ 'ನೆಟ್‌ಸಿಡಿಎಫ್' ಎಂಬ ರೂಪದಲ್ಲಿ ಇಡುತ್ತಾರೆ. ಅದನ್ನು ಓದಲು ಅದೇ ಹೆಸರಿನ ಲೈಬ್ರರಿ ಬೇಕು. ಇಲ್ಲಿ ಲೈಬ್ರರಿ ಎಂದರೆ ಪುಸ್ತಕ ಭಂಡಾರವಲ್ಲ. ಯಾರೋ ಒಮ್ಮೆ ಬರೆದಿಟ್ಟ, ಬೇರೆ ಪ್ರೋಗ್ರಾಂಗಳು ಎರವಲು ಪಡೆದು ಬಳಸುವ ಸಿದ್ಧ ತಂತ್ರಾಂಶದ ಗಂಟು. ನಮ್ಮ ಮಕ್ಕಳ ಬಳಿ ಯಂತ್ರದ ಮೇಲ್ವಿಚಾರಕರ ಗುಪ್ತಪದ ಇರಲಿಲ್ಲ. ಹಾಗಾಗಿ ಯಂತ್ರದಲ್ಲಿದ್ದ ಉಬುಂಟು 22.04ರ ಮಾಮೂಲಿ ವಿಧಾನದಿಂದ ಅವರು ಏನನ್ನೂ ಸ್ಥಾಪಿಸುವಂತಿರಲಿಲ್ಲ. ಆಗ ಗಣಕಯಂತ್ರದ ಸರ್ ಅವರಿಗೆ 'ಸ್ಪ್ಯಾಕ್' ಎಂಬ ಪ್ಯಾಕೇಜ್ ಮ್ಯಾನೇಜರನ್ನು ಪರಿಚಯಿಸಿದರು. ಅದು ಬಳಸುವವರ ಸ್ವಂತ ಫೋಲ್ಡರಿನಲ್ಲೇ ತಂತ್ರಾಂಶವನ್ನು ಕಟ್ಟಿಕೊಡುತ್ತದೆ. ಯಾರ ಗುಪ್ತಪದವೂ ಬೇಡ.

ಮಕ್ಕಳು ಸೋಮವಾರ ಸಂಜೆ ಆಜ್ಞೆ ಕೊಟ್ಟು ಮನೆಗೆ ಹೋದರು. ಪ್ರದರ್ಶನ ಗುರುವಾರ. ಮಂಗಳವಾರ ಬೆಳಿಗ್ಗೆ ನೋಡಿದರೆ ಕೆಲಸ ಮುಗಿದಿಲ್ಲ. 'ಡಿಸ್ಕಿನಲ್ಲಿ ಜಾಗವಿಲ್ಲ' ಎಂದು ಪರದೆಯ ಮೇಲೆ ಬರೆದಿತ್ತು. ಏಳನೆಯ ತರಗತಿಯವರು ತಮ್ಮ ಪ್ರಾಯೋಗಿಕ ಪಾಠದ ಕಡತಗಳನ್ನು ಉಳಿಸಲಾಗದೆ ಗಲಾಟೆ ಮಾಡುತ್ತಿದ್ದರು. ರಾತ್ರಿಯಿಡೀ ಏನು ನಡೆಯಿತು ಎಂದು ಪಟ್ಟಿ ತೆಗೆದಾಗ ಒಬ್ಬಳು ಕೇಳಿದಳು: "ಮಿಸ್, ಮಳೆ ಲೆಕ್ಕ ಓದೋದಕ್ಕೆ ಪರ್ಲ್ ಯಾಕೆ ಬೇಕು?"

ಪ್ರಶ್ನೆ ಸರಿಯಾಗಿತ್ತು. ಉತ್ತರ ಹೀಗಿದೆ. ನೆಟ್‌ಸಿಡಿಎಫ್‌ಗೆ 'ಎಚ್‌ಡಿಎಫ್5' ಎಂಬ ಇನ್ನೊಂದು ಲೈಬ್ರರಿ ಬೇಕು. ಅದನ್ನು ಕಟ್ಟಲು 'ಸಿಮೇಕ್' ಎಂಬ ಸಲಕರಣೆ ಬೇಕು. ಸಿಮೇಕಿಗೆ ಅಂತರಜಾಲದಿಂದ ಕಡತ ತರುವ 'ಕರ್ಲ್' ಬೇಕು. ಕರ್ಲಿಗೆ ಗುಪ್ತಲಿಪಿಯ 'ಓಪನ್‌ಎಸ್‌ಎಸ್‌ಎಲ್' ಬೇಕು. ಓಪನ್‌ಎಸ್‌ಎಸ್‌ಎಲ್ ಕಟ್ಟಲು 'ಪರ್ಲ್' ಎಂಬ ಪ್ರೋಗ್ರಾಮಿಂಗ್ ಭಾಷೆ ಬೇಕು. ಇದಲ್ಲದೆ, ಹಲವು ಯಂತ್ರಗಳು ಸೇರಿ ಲೆಕ್ಕ ಮಾಡಲು ಬೇಕಾಗುವ 'ಎಂಪಿಐ' ಎಂಬ ದೊಡ್ಡ ಗಂಟನ್ನೂ ಅದು ಕಟ್ಟಲು ಹೊರಟಿತ್ತು. ಹುಳಿಯನ್ನ ಮಾಡು ಎಂದರೆ ಹುಣಸೆಮರ ನೆಡಲು ಹೊರಟ ಹಾಗಾಯಿತು!

ಸ್ವಾರಸ್ಯವೆಂದರೆ, ಪರ್ಲ್ ಮತ್ತು ಓಪನ್‌ಎಸ್‌ಎಸ್‌ಎಲ್ ಎರಡೂ ಆ ಯಂತ್ರದಲ್ಲಿ ಮೊದಲಿನಿಂದಲೇ ಇದ್ದವು. ಅಂಗೈಯಲ್ಲಿ ಬೆಣ್ಣೆ ಇತ್ತು.

ಅದಕ್ಕೆ ಕಾಣಿಸಲಿಲ್ಲವೇ?

ಸ್ಪ್ಯಾಕ್ ದಡ್ಡ ತಂತ್ರಾಂಶವಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿರುವ ಲಾರೆನ್ಸ್ ಲಿವರ್‌ಮೋರ್ ರಾಷ್ಟ್ರೀಯ ಪ್ರಯೋಗಾಲಯದಲ್ಲಿ ಟಾಡ್ ಗ್ಯಾಂಬ್ಲಿನ್ ಅವರು 2013ರಲ್ಲಿ ಅದನ್ನು ಆರಂಭಿಸಿದರು. ಸೂಪರ್ ಕಂಪ್ಯೂಟರುಗಳಿಗಾಗಿ ಹುಟ್ಟಿದ ಅದು ಇಂದು ಜಪಾನಿನ ಫುಗಾಕು ಯಂತ್ರದಲ್ಲಿಯೂ ಬಳಕೆಯಲ್ಲಿದೆ. ಅದರ 1.0 ಆವೃತ್ತಿ 2025ರಲ್ಲಿ ಹೊರಬಂದಿತು. ಅದರಲ್ಲಿ ಸಾವಿರಾರು ತಂತ್ರಾಂಶಗಳ 'ಪಾಕವಿಧಾನ'ಗಳಿವೆ. ಯಾವುದಕ್ಕೆ ಯಾವುದು ಬೇಕು, ಯಾವ ಆವೃತ್ತಿ ಬೇಕು, ಯಾವ ಕ್ರಮದಲ್ಲಿ ಕಟ್ಟಬೇಕು ಎಂಬುದೆಲ್ಲ ಅಲ್ಲಿ ಬರೆದಿರುತ್ತದೆ.

ಯಂತ್ರದಲ್ಲಿರುವ ಲೈಬ್ರರಿಗಳನ್ನು ಅದು ತಾನಾಗಿ ಮುಟ್ಟದಿರುವುದು ಬೇಕೆಂದೇ ಮಾಡಿದ ವ್ಯವಸ್ಥೆ. ಯಾರು, ಯಾವಾಗ, ಹೇಗೆ ಕಟ್ಟಿದರೆಂದು ಗೊತ್ತಿಲ್ಲದ ವಸ್ತುವನ್ನು ನಂಬದೆ, ಎಲ್ಲವನ್ನೂ ತಾನೇ ಮಾಡಿದರೆ ಬೇರೆ ಯಂತ್ರದಲ್ಲಿಯೂ ಅದೇ ಫಲಿತಾಂಶ ಬರುತ್ತದೆ ಎಂಬುದು ಅದರ ಲೆಕ್ಕ. ಹೊಸ ಮನೆಗೆ ಬಂದ ಅಡಿಗೆಯವರು ಕೇಳದೆ ಕಪಾಟು ತೆರೆಯುವುದಿಲ್ಲ, ಅಲ್ಲವೇ? ಮನೆಯವರೇ "ಇಗೋ, ಹುಣಸೆಹಣ್ಣು ಈ ಡಬ್ಬಿಯಲ್ಲಿದೆ, ಬಳಸಿ" ಎಂದು ಹೇಳಬೇಕು.

ಹಾಗೆ ಹೇಳುವ ಚೀಟಿಯೇ 'ಪ್ಯಾಕೇಜಸ್ ಡಾಟ್ ಯಾಮಲ್' ಎಂಬ ಸಣ್ಣ ಕಡತ. ಅದರಲ್ಲಿ ಪ್ರತಿಯೊಂದು ವಸ್ತುವಿಗೂ ಮುಖ್ಯವಾಗಿ ಮೂರು ಸಂಗತಿ ಬರೆಯುತ್ತೇವೆ.

1. ವಸ್ತುವಿನ ಹೆಸರು ಮತ್ತು ಆವೃತ್ತಿ: ಓಪನ್‌ಎಸ್‌ಎಸ್‌ಎಲ್, 3.0.2.

2. ಅದು ಇರುವ ಜಾಗ: ಯಂತ್ರದ 'ಯುಎಸ್‌ಆರ್' ಎಂಬ ಫೋಲ್ಡರು.

3. ಹೊಸದಾಗಿ ಕಟ್ಟಬಹುದೋ ಬಾರದೋ: 'ಬಿಲ್ಡೇಬಲ್' ಎಂಬಲ್ಲಿ 'ಫಾಲ್ಸ್' ಎಂದು ಬರೆದರೆ, "ಇರುವುದನ್ನೇ ಬಳಸು, ಹೊಸದನ್ನು ಕಟ್ಟಬೇಡ" ಎಂದರ್ಥ.

ಮೂರನೆಯ ಸಾಲು ಕಟ್ಟುನಿಟ್ಟಿನದು. ಮನೆಯಲ್ಲಿರುವ ಆವೃತ್ತಿ ಪಾಕವಿಧಾನಕ್ಕೆ ಹೊಂದದಿದ್ದರೆ ಸ್ಪ್ಯಾಕ್ ಕೆಲಸ ಆರಂಭಿಸುವ ಮೊದಲೇ ಆಗುವುದಿಲ್ಲ ಎಂದು ಹೇಳಿಬಿಡುತ್ತದೆ. ಮಧ್ಯರಾತ್ರಿ ಕೈಕೊಡುವುದಕ್ಕಿಂತ ಮೊದಲೇ ಹೇಳುವುದು ಒಳ್ಳೆಯದಲ್ಲವೇ? ಆ ಸಾಲನ್ನು ಬರೆಯದಿದ್ದರೆ, ಇರುವುದು ಹೊಂದದಿದ್ದಾಗ ಹೊಸದನ್ನು ಕಟ್ಟಲು ಅದಕ್ಕೆ ಸ್ವಾತಂತ್ರ್ಯವಿರುತ್ತದೆ.

ಕಡತವನ್ನು ಕೈಯಿಂದಲೇ ಬರೆಯಬೇಕಾಗಿಲ್ಲ. 'ಸ್ಪ್ಯಾಕ್ ಎಕ್ಸ್‌ಟರ್ನಲ್ ಫೈಂಡ್' ಎಂದು ಬರೆದು ಮುಂದೆ ವಸ್ತುವಿನ ಹೆಸರು ಕೊಟ್ಟರೆ ಅದು ಯಂತ್ರವನ್ನು ಹುಡುಕಿ ತಾನೇ ಬರೆದುಕೊಳ್ಳುತ್ತದೆ. ಆಮೇಲೆ 'ಸ್ಪ್ಯಾಕ್ ಸ್ಪೆಕ್' ಎಂಬ ಆಜ್ಞೆ ಕೊಟ್ಟರೆ, ಏನೂ ಕಟ್ಟದೆ, ಕಟ್ಟಲಿರುವುದರ ಪಟ್ಟಿಯನ್ನು ಮಾತ್ರ ತೋರಿಸುತ್ತದೆ. ಅಡಿಗೆಗೆ ಮೊದಲು ಸಾಮಾನಿನ ಪಟ್ಟಿ ಓದಿದ ಹಾಗೆ. ನಮ್ಮ ಮಕ್ಕಳು ಸೋಮವಾರ ಸಂಜೆ ಈ ಪಟ್ಟಿಯನ್ನು ಓದಿದ್ದರೆ ಒಂದು ರಾತ್ರಿ ಉಳಿಯುತ್ತಿತ್ತು.

ಎರಡನೆಯ ಪಾಠ: ಡಬ್ಬಿ ಇತ್ತು, ಒಳಗೆ ಸಾಮಾನು ಇರಲಿಲ್ಲ

ಮಂಗಳವಾರ ಮಕ್ಕಳು ಹಳೆಯದನ್ನೆಲ್ಲ ಅಳಿಸಿದರು. ಒಂದೇ ಯಂತ್ರದಲ್ಲಿ ಓದುವುದಕ್ಕೆ ಎಂಪಿಐ ಬೇಡವೆಂದು ಅದನ್ನು ಬಿಟ್ಟರು. ಪರ್ಲ್ ಮತ್ತು ಓಪನ್‌ಎಸ್‌ಎಸ್‌ಎಲ್ ಎರಡನ್ನೂ ಚೀಟಿಯಲ್ಲಿ ಸೇರಿಸಿದರು. ಪಟ್ಟಿ ಚಿಕ್ಕದಾಯಿತು. ಆದರೆ ಕರ್ಲ್ ಕಟ್ಟುವಾಗ ಕೆಲಸ ಮತ್ತೆ ನಿಂತಿತು. ಓಪನ್‌ಎಸ್‌ಎಸ್‌ಎಲ್ ಸಿಗುತ್ತಿಲ್ಲ ಎಂದು ದೂರು!

"ಇದೆ ಅಂತ ಅದೇ ಹೇಳಿತ್ತಲ್ಲ ಸರ್?" ಎಂದು ಮಕ್ಕಳು ಕೇಳಿದರು. ಸರ್ ನಿಧಾನವಾಗಿ ವಿವರಿಸಿದರು. ಹುಡುಕುವ ಆಜ್ಞೆ ನೋಡಿದ್ದು ಓಪನ್‌ಎಸ್‌ಎಸ್‌ಎಲ್ ಎಂಬ ಪ್ರೋಗ್ರಾಂ ಇದೆಯೇ, ಅದರ ಆವೃತ್ತಿ ಎಷ್ಟು ಎಂದು ಮಾತ್ರ. ಆದರೆ ಬೇರೆ ತಂತ್ರಾಂಶವನ್ನು ಅದರ ಮೇಲೆ ಕಟ್ಟಬೇಕಾದರೆ 'ಹೆಡರ್' ಎಂಬ ಕಡತಗಳೂ ಬೇಕು. ಲೈಬ್ರರಿಯಲ್ಲಿ ಯಾವ ಯಾವ ಕೆಲಸಗಳಿವೆ, ಅವನ್ನು ಹೇಗೆ ಕರೆಯಬೇಕು ಎಂಬ ಸೂಚಿಪತ್ರವಿದ್ದಂತೆ ಅವು. ಉಬುಂಟುವಿನಲ್ಲಿ ಅವು 'ಡೆವ್' ಎಂದು ಕೊನೆಯಾಗುವ ಹೆಸರಿನ ಬೇರೆ ಪ್ಯಾಕೇಜಿನಲ್ಲಿ ಬರುತ್ತವೆ. ಸರ್ ತಮ್ಮ ಗುಪ್ತಪದದಿಂದ ಅದನ್ನು ಸ್ಥಾಪಿಸಿದರು. ಕೆಲಸ ಮುಂದುವರಿಯಿತು.

ಇಲ್ಲಿ ಗಮನಿಸಬೇಕಾದದ್ದು ಇದು: ಆ ಚೀಟಿಯಲ್ಲಿ ಏನು ಬರೆದಿದ್ದೇವೋ ಅದನ್ನು ಸ್ಪ್ಯಾಕ್ ನಂಬುತ್ತದೆ. 3.0 ಇರುವಲ್ಲಿ 3.2 ಎಂದು ಬರೆದರೂ ನಂಬುತ್ತದೆ. ತಪ್ಪಿನ ಫಲ ಮಾತ್ರ ಬಹಳ ದೂರದಲ್ಲಿ, ಬೇರೆ ಯಾವುದೋ ತಂತ್ರಾಂಶದಲ್ಲಿ ಕಾಣಿಸಿಕೊಳ್ಳುತ್ತದೆ. ಮುಂದೆ ಯಂತ್ರದ ಉಬುಂಟುವನ್ನೇ ಹೊಸ ಆವೃತ್ತಿಗೆ ಬದಲಾಯಿಸಿದರೆ ಆ ಚೀಟಿ ತಾನಾಗಿ ಬದಲಾಗುವುದಿಲ್ಲ, ನಾವೇ ತಿದ್ದಬೇಕು. ಮನೆಯಲ್ಲಿರುವುದನ್ನು ಬಳಸಬೇಕಾದರೆ ಮನೆಯಲ್ಲಿ ಏನಿದೆ ಎಂಬುದು ಸರಿಯಾಗಿ ಗೊತ್ತಿರಬೇಕು.

ಕಂಪೈಲರ್ ಎಂಬ ಅನುವಾದಕ

ಮನುಷ್ಯರು ಬರೆದ ಪ್ರೋಗ್ರಾಂ ಯಂತ್ರಕ್ಕೆ ನೇರವಾಗಿ ಅರ್ಥವಾಗುವುದಿಲ್ಲ. ಅದನ್ನು ಯಂತ್ರದ ಭಾಷೆಗೆ ಅನುವಾದಿಸುವುದೇ ಕಂಪೈಲರಿನ ಕೆಲಸ. ಭಾಷೆ ಕಲಿಸುವ ನಮಗೆ ಈ ಭಾಗ ಬೇಗ ಅರ್ಥವಾಯಿತು. ಒಂದೇ ಪುಸ್ತಕದ ಮೊದಲ ಅಧ್ಯಾಯವನ್ನು ಒಬ್ಬರು, ಎರಡನೆಯದನ್ನು ಇನ್ನೊಬ್ಬರು ಅನುವಾದಿಸಿದರೆ ಪಾತ್ರಗಳ ಹೆಸರು ಕೂಡ ಹೊಂದದೆ ಹೋಗಬಹುದು. ಕಂಪೈಲರುಗಳದ್ದೂ ಹಾಗೆಯೇ. ಹವಾಮಾನದ ಲೆಕ್ಕಗಳಲ್ಲಿ ಇಂದಿಗೂ ಬಳಸುವ, 1957ರಲ್ಲಿ ಬಂದ ಫೋರ್ಟ್ರಾನ್ ಭಾಷೆಯನ್ನೇ ನೋಡಿ. ಒಂದು ಕಂಪೈಲರ್ ಬರೆದಿಟ್ಟ ಫೋರ್ಟ್ರಾನ್ 'ಮಾಡ್ಯೂಲ್' ಕಡತವನ್ನು ಇನ್ನೊಂದು ಕಂಪನಿಯ ಕಂಪೈಲರ್ ಸಾಮಾನ್ಯವಾಗಿ ಓದಲಾರದು.

ಆದ್ದರಿಂದ ಯಂತ್ರದಲ್ಲಿ ಎರಡು ಮೂರು ಕಂಪೈಲರುಗಳಿದ್ದಾಗ ಯಾವುದು ಬೇಕೆಂದು ಮೊದಲೇ ಹೇಳುವುದು ಒಳ್ಳೆಯದು. 'ಸ್ಪ್ಯಾಕ್ ಕಂಪೈಲರ್ ಫೈಂಡ್' ಎಂದರೆ ಇರುವ ಕಂಪೈಲರುಗಳನ್ನು ಅದು ಗುರುತಿಸಿಕೊಳ್ಳುತ್ತದೆ. ಮೊದಲು ಇವುಗಳ ವಿವರಕ್ಕೆ ಬೇರೆಯೇ ಕಡತವಿತ್ತು, 1.0 ಆವೃತ್ತಿಯಿಂದ ಅದೂ ಮೇಲೆ ಹೇಳಿದ ಚೀಟಿಯಲ್ಲೇ ಸೇರಿದೆ. ನಮ್ಮ ಇಷ್ಟವನ್ನು ಎರಡು ಬಗೆಯಲ್ಲಿ ಹೇಳಬಹುದು. 'ಪ್ರಿಫರ್' ಎಂದರೆ ಸಾಧ್ಯವಾದರೆ ಇದನ್ನು ಬಳಸು ಎಂಬ ಕೋರಿಕೆ. 'ರಿಕ್ವೈರ್' ಎಂದರೆ ಇದನ್ನೇ ಬಳಸಬೇಕು ಎಂಬ ಆಜ್ಞೆ. ಮನೆಯಲ್ಲಿ ಅಮ್ಮ "ಆದರೆ ಬೇಗ ಬಾ" ಎನ್ನುವುದಕ್ಕೂ ಅಪ್ಪ "ಆರು ಗಂಟೆಗೆ ಮನೆಯಲ್ಲಿರಬೇಕು" ಎನ್ನುವುದಕ್ಕೂ ಇರುವ ವ್ಯತ್ಯಾಸವೇ ಇದು!

ಯಾವುದನ್ನು ಎರವಲು ಪಡೆಯಬೇಕು, ಯಾವುದನ್ನು ಕಟ್ಟಬೇಕು?

ಎಲ್ಲವನ್ನೂ ಯಂತ್ರದಿಂದಲೇ ತೆಗೆದುಕೊಳ್ಳುವುದೂ ಜಾಣತನವಲ್ಲ. ಸರ್ ಮಕ್ಕಳಿಗೆ ಹೇಳಿಕೊಟ್ಟ ವಿಂಗಡಣೆ ಹೀಗಿದೆ.

ಮೊದಲನೆಯದಾಗಿ, ಪರ್ಲ್, ಸಿಮೇಕ್‌ನಂಥ ಸಲಕರಣೆಗಳು ಕಟ್ಟುವಾಗ ಮಾತ್ರ ಬೇಕು. ಗಾರೆ ಕೆಲಸದ ಸಾರುವೆಯಂತೆ, ಮನೆ ಮುಗಿದ ಮೇಲೆ ಅವಕ್ಕೆ ಕೆಲಸವಿಲ್ಲ. ಇದ್ದರೆ ಇರುವುದನ್ನೇ ಬಳಸಬಹುದು.

ಎರಡನೆಯದಾಗಿ, ಸುರಕ್ಷತೆಗೆ ಸಂಬಂಧಿಸಿದವು. 2014ರ ಏಪ್ರಿಲ್‌ನಲ್ಲಿ ಓಪನ್‌ಎಸ್‌ಎಸ್‌ಎಲ್‌ನಲ್ಲಿದ್ದ 'ಹಾರ್ಟ್‌ಬ್ಲೀಡ್' ಎಂಬ ದೋಷ ಬೆಳಕಿಗೆ ಬಂದಿತು. ಸರ್ವರುಗಳ ನೆನಪಿನಲ್ಲಿದ್ದ ಗುಪ್ತಪದಗಳಂಥ ಮಾಹಿತಿಯನ್ನು ಹೊರಗಿನವರು ಕದ್ದು ಓದಲು ಅದು ದಾರಿ ಮಾಡಿಕೊಟ್ಟಿತ್ತು. ಯಂತ್ರದ ಜೊತೆ ಬಂದ ಪ್ರತಿಯಾದರೆ ಮೇಲ್ವಿಚಾರಕರು ಒಮ್ಮೆ ನವೀಕರಿಸಿದರೆ ಸಾಕು, ಅದನ್ನು ಬಳಸುವವರೆಲ್ಲರಿಗೂ ಪ್ರಯೋಜನ. ಆದರೆ ಯಾರೋ ವಿದ್ಯಾರ್ಥಿ ತನ್ನ ಫೋಲ್ಡರಿನಲ್ಲಿ ಕಟ್ಟಿಕೊಂಡು ಮರೆತ ಪ್ರತಿಯನ್ನು ಯಾರು ನೋಡುತ್ತಾರೆ? ಅದು ಬೀಗ ಕೆಟ್ಟ ಹಿತ್ತಿಲ ಬಾಗಿಲಿನಂತೆ ಹಾಗೆಯೇ ಉಳಿಯುತ್ತದೆ. ಇದು ಜಾಗ, ಸಮಯಗಳಿಗಿಂತ ದೊಡ್ಡ ವಿಷಯ.

ಮೂರನೆಯದಾಗಿ, ದೊಡ್ಡ ಯಂತ್ರಗಳ ಎಂಪಿಐ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಸ್ಥಾಪನೆಯಾದ 3.3 ಪೆಟಾಫ್ಲಾಪ್ಸ್ ಸಾಮರ್ಥ್ಯದ ಪರಮ್ ಪ್ರವೇಗದಂಥ ಸೂಪರ್ ಕಂಪ್ಯೂಟರು ನೂರಾರು ಗಣಕಗಳನ್ನು ಜೋಡಿಸಿದ ವ್ಯವಸ್ಥೆ. ಅಂಥ ಯಂತ್ರಗಳಲ್ಲಿ ಒಳಗಿನ ಸಂಪರ್ಕಜಾಲಕ್ಕೆ ತಕ್ಕಂತೆ ಹೊಂದಿಸಿದ ಎಂಪಿಐ ಮೊದಲೇ ಇರುತ್ತದೆ. ಅದನ್ನು ಬಿಟ್ಟು ಸಾಮಾನ್ಯ ಪ್ರತಿಯೊಂದನ್ನು ಕಟ್ಟಿಕೊಂಡರೆ ಕೋಟಿಗಟ್ಟಲೆ ರೂಪಾಯಿಯ ಯಂತ್ರ ಕುಂಟುತ್ತಾ ನಡೆಯಬಹುದು.

ಇನ್ನು ನೆಟ್‌ಸಿಡಿಎಫ್, ಎಚ್‌ಡಿಎಫ್5ರಂಥವುಗಳಲ್ಲಿ ಆವೃತ್ತಿಯೂ ಕಂಪೈಲರೂ ನಮ್ಮ ಕೆಲಸಕ್ಕೆ ಸರಿಯಾಗಿ ಹೊಂದಬೇಕು. ಅವನ್ನು ಸ್ಪ್ಯಾಕ್ ಕಟ್ಟಲಿ ಎಂದು ಬಿಡುವುದು ಲೇಸು.

ಬುಧವಾರ ಮಧ್ಯಾಹ್ನದ ಹೊತ್ತಿಗೆ ಕೆಲಸ ಮುಗಿಯಿತು. ಗುರುವಾರ ಕರಾವಳಿಯ ಜೂನ್ ತಿಂಗಳ ಮಳೆ ನೀಲಿ ಬಣ್ಣದಲ್ಲಿ ಪರದೆಯ ಮೇಲೆ ಮೂಡಿತು. ನಕ್ಷೆ ನೋಡಿದ ಒಬ್ಬ ತಾಯಿ ತಮ್ಮ ಊರಿನ ಜಾಗದ ಮೇಲೆ ಬೆರಳಿಟ್ಟು, ಪಕ್ಕದಲ್ಲಿದ್ದ ಮಗನಿಗೆ ಅಲ್ಲಿಯ ಮಳೆಗಾಲವನ್ನು ವರ್ಣಿಸುತ್ತಿದ್ದರು. ಅವನು ಮಳೆಗಾಲವನ್ನು ಕಣ್ಣಾರೆ ಕಂಡವನಲ್ಲ.

ವಿದ್ಯಾರ್ಥಿಗಳೇ, ಮುಂದೆ ಈ ಗಾದೆಯನ್ನು ವಿಸ್ತರಿಸುವಾಗ ಅಜ್ಜನ ಕನ್ನಡಕದ ಜೊತೆ ಈ ಕಥೆಯನ್ನೂ ಬರೆಯಬಹುದು. ಆದರೆ ಗಾದೆಗೆ ಒಂದು ಮಾತು ಸೇರಿಸಿಕೊಳ್ಳಿ: ಅಂಗೈಯಲ್ಲಿರುವುದು ಬೆಣ್ಣೆಯೇ ಎಂದು ಮೊದಲು ನೋಡಿ, ಆಮೇಲೆ ಒಲೆ ಹೊತ್ತಿಸಿ.

– ಕನ್ನಡ ಭಾಷಾ ಶಿಕ್ಷಕಿ, ಬಿ.ಎ., ಬಿ.ಎಡ್.